ಸಾಹೇಬರು ಬಂದರು, ಓಡಿ!

ಸಣ್ಣ ವ್ಯಾಪಾರಿಗಳಿಗೆ ತುರ್ತು ಪರಿಸ್ಥಿತಿಯ ಸಿದ್ಧತೆಯೇ ಗೊತ್ತಿಲ್ಲ ಎಂದು ಉಪನ್ಯಾಸ ಬಿಗಿಯುವವರು ಒಮ್ಮೆ ಬೆಂಗಳೂರಿನ ಪೇಟೆ ಬೀದಿಗಳಿಗೆ ಬರಬೇಕು. ಅಗ್ನಿ ಸುರಕ್ಷತೆಯ ತಪಾಸಣೆಗೆ ಬರುವ ಜೀಪು ಅವೆನ್ಯೂ ರಸ್ತೆಯ ಜಂಗುಳಿಯಲ್ಲಿ ಹಾರನ್ ಹೊಡೆಯುತ್ತಿರುವಾಗಲೇ ಮೂಲೆಯ ಟೀ ಅಂಗಡಿಯಿಂದ ಎಲ್ಲರಿಗೂ ಫೋನ್ ಹೋಗಿರುತ್ತದೆ. ಮೆಟ್ಟಿಲು ತುಂಬಿದ್ದ ಸೀರೆ ಗಂಟುಗಳು ನಿನ್ನೆಯಷ್ಟೇ ತಪಾಸಣೆ ಮುಗಿಸಿಕೊಂಡ ಪಕ್ಕದ ಕಟ್ಟಡಕ್ಕೆ ಸಾಗುತ್ತವೆ. ವರ್ಷವಿಡೀ ಜಡಿದಿದ್ದ ಹಿಂಬಾಗಿಲಿನ ಬೀಗ ಕಳಚುತ್ತದೆ. ಇಡೀ ಕಾಂಪ್ಲೆಕ್ಸಿಗೆ ಸೇರಿ ಕೊಂಡಿರುವ ಒಂದೇ ಅಗ್ನಿಶಾಮಕ ಸಿಲಿಂಡರ್ ಅಧಿಕಾರಿಗಿಂತ ಒಂದು ಅಂಗಡಿ ಮುಂದೆ ಮುಂದೆ ಓಡುತ್ತಿರುತ್ತದೆ. ಆಯುಧಪೂಜೆಯ ಅರಿಶಿನ ಕುಂಕುಮ ಮೆತ್ತಿಕೊಂಡು, ಅದರ ಒತ್ತಡದ ಮುಳ್ಳು ಹಸಿರಿನಲ್ಲಿದೆಯೋ ಕೆಂಪಿನಲ್ಲಿದೆಯೋ ಕಾಣುವುದಿಲ್ಲ. ಪೂಜೆಯಾಗಿದೆಯಲ್ಲ, ಸಾಕು.

ಎತ್ತರದ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಗಿಡ್ಡ ಕಟ್ಟಡದ ಬೆಂಕಿಯೂ ಗಿಡ್ಡದ್ದೇ ಇರುತ್ತದೆಂಬ ವಿಶ್ವಾಸ ನಮ್ಮದು. ಬೆಂಗಳೂರಿನ ಅಂಚಿನ ಅತ್ತಿಬೆಲೆಯ ಪಟಾಕಿ ಮಳಿಗೆ, ಗೋದಾಮು ಗಗನಚುಂಬಿಯೇನೂ ಆಗಿರಲಿಲ್ಲ. 2023ರ ಅಕ್ಟೋಬರ್ 7ರಂದು ಅಲ್ಲಿ ಕನಿಷ್ಠ 14 ಮಂದಿ ಸುಟ್ಟುಹೋದರು. ಹೆಚ್ಚಿನವರು ದೀಪಾವಳಿ ಹಂಗಾಮಿನ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಹುಡುಗರು. ಆಮೇಲೆ ಸರ್ಕಾರ ಮದುವೆ, ಮೆರವಣಿಗೆಗಳಲ್ಲಿ ಪಟಾಕಿ ಹೊಡೆಯಬಾರದೆಂದು ಘೋಷಿಸಿತು. ಹೊತ್ತಿಕೊಂಡದ್ದು ಗೋದಾಮು, ಬುದ್ಧಿಮಾತು ಮದುಮಗನಿಗೆ!

ಅದಕ್ಕೂ ಮೊದಲು, 2010ರ ಫೆಬ್ರುವರಿ 23ರಂದು, ಬೆಂಕಿ ಬಿದ್ದ ಬೆಂಗಳೂರಿನ ಕಚೇರಿ ಕಟ್ಟಡ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತಿದ್ದರು. ಹೊಗೆ ತಾಳಲಾರದೆ ಕೆಳಗೆ ಜಿಗಿದವರೂ ಅವರಲ್ಲಿದ್ದರು. ಆ ಕಟ್ಟಡವಂತೂ ಎತ್ತರದ್ದೇ. ದುರಂತವಾದಾಗಲೆಲ್ಲ ಸಮೀಕ್ಷೆ, ನೋಟಿಸ್, ಗಡುವು. ಗಡುವಿನ ಮರುದಿನ ಗಂಟುಗಳು ಮೆಟ್ಟಿಲಿಗೆ ಮರಳುತ್ತವೆ. ಚದರಡಿಗೆ ಇಷ್ಟು ಬಾಡಿಗೆ ತೆರುವವನು ಮೆಟ್ಟಿಲನ್ನು ಕೇವಲ ಹತ್ತಿ ಇಳಿಯಲು ಬಿಡುತ್ತಾನೆಯೇ?

ಹಾಗಾಗಿ ವರ್ತಕರಿಗೆ ನನ್ನದೊಂದು ಸಲಹೆ. ಹೊಗೆ ಪತ್ತೆ ಯಂತ್ರಕ್ಕೆ ಕೀರಲು ಶಬ್ದದ ಸೈರನ್ ಬೇಡ. ಅದನ್ನು ಕೇಳಿ ಯಾರೂ ಗಲ್ಲಾಪೆಟ್ಟಿಗೆ ಬಿಟ್ಟು ಏಳುವುದಿಲ್ಲ. ಬದಲಿಗೆ, ‘ಸಾಹೇಬರು ಬಂದರು’ ಎಂದು ಕೂಗುವ ಧ್ವನಿ ಅಳವಡಿಸಿ. ಐದೇ ನಿಮಿಷದಲ್ಲಿ ಮೆಟ್ಟಿಲು ಖಾಲಿ, ಹಿಂಬಾಗಿಲು ತೆರವು, ಸಿಲಿಂಡರ್ ಪ್ರತ್ಯಕ್ಷ. ಸಾಹೇಬರೇ ಒಳಗೆ ಕುಳಿತು ಬಾದಾಮಿ ಹಾಲು ಕುಡಿಯುತ್ತಿರುವಾಗ ಬೆಂಕಿ ಬಿದ್ದರೆ ಏನೆಂದು ಕೂಗಬೇಕು ಎಂಬುದೊಂದು ಮಾತ್ರ ಇನ್ನೂ ಬಗೆಹರಿದಿಲ್ಲ.