ಹುಣಸೆಹಣ್ಣು ಮಾತ್ರ ಬೇಡ

ಹಳೇ ತಾಮ್ರದ ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜಿ ಅಂತ ಬರೆದಿದ್ದೀರಿ. ದಯವಿಟ್ಟು ಆ ಸಾಲು ತೆಗೆಯಿರಿ. ಹೊಸನಗರ ತಾಲ್ಲೂಕಿನ ನಗರದ (ಹಳೇ ಬಿದನೂರು) ಹತ್ತಿರ ನಮ್ಮ ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡುವಾಗ ಟಿಪ್ಪು ಕಾಲದ, ಆನೆ ಚಿತ್ರವಿರುವ ತಾಮ್ರದ ಕಾಸು ಸಿಕ್ಕಿತ್ತು. ನಾನೂ ಹಾಗೇ ಉಜ್ಜಿದೆ. ಫಳಫಳ ಹೊಳೆಯಿತು, ಆದರೆ ಹಿಂಬದಿಯ ಪರ್ಷಿಯನ್ ಅಕ್ಷರ ಸವೆದೇ ಹೋಯಿತು. ನಾಣ್ಯ ಅಚ್ಚು ಹಾಕಿದ ಟಂಕಸಾಲೆಯ ಹೆಸರು ಇರುವುದೇ ಅಲ್ಲಿ. ನಗರದಲ್ಲೂ ಆಗ ಟಂಕಸಾಲೆ ಇತ್ತಲ್ವಾ, ನನ್ನ ಕಾಸು ಇಲ್ಲಿಯದೇನಾ ಅಂತ ಇನ್ನು ಗೊತ್ತಾಗುವುದಿಲ್ಲ. ಈಗಲೂ ಹೊಟ್ಟೆ ಉರಿಯುತ್ತದೆ.

ಹಳೇ ತಾಮ್ರದ ಮೇಲೆ ಕೂರುವ ಹಸಿರು-ಕಂದು ಪದರ ಕೊಳೆಯಲ್ಲ, ಒಳಗಿನ ಲೋಹವನ್ನು ಕಾಯುವ ಹೊದಿಕೆ. ನಮ್ಮ ಕೆಂಪು ಮಣ್ಣು ಅಂಟಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ನಾಲ್ಕೈದು ದಿನ ನೆನೆಸಿ, ಬಿದಿರು ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಚೆನ್ನಾಗಿ ಒಣಗಿಸಿ, ಮಳೆಗಾಲದ ಥಂಡಿ ತಾಗದಂತೆ ಇಡಿ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆ ಕಂಡರೆ ಮಾತ್ರ ಅದು ಕಾಯುವ ಹೊದಿಕೆಯಲ್ಲ, ಲೋಹ ತಿನ್ನುವ ಕಿಲುಬು; ಆ ನಾಣ್ಯವನ್ನು ಬೇರೆ ನಾಣ್ಯಗಳಿಂದ ದೂರ ಇಡಿ.