ದಿಲ್ಲಿ ಹಾಟ್‌ನ ಮಧುಬನಿ, ಸಾಗರದ ಹಸೆ ಚಿತ್ತಾರ

ದಿಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಊರಿಗೆ ಹೊರಡುವ ಮುಂಚೆ ಒಂದು ಸಂಜೆ ಐಎನ್‌ಎ ಮಾರ್ಕೆಟ್ ಹತ್ತಿರದ ಕರಕುಶಲ ಸಂತೆ ದಿಲ್ಲಿ ಹಾಟ್‌ಗೆ ಹೋಗಿ ಅಕ್ಕನಿಗೊಂದು ದುಪಟ್ಟಾ, ಮಕ್ಕಳಿಗೆ ಮಣ್ಣಿನ ಗೊಂಬೆ ತರುವುದು ರೂಢಿ. ಈ ಸಲ ಕೆಳಗಿನ ಮನೆಯ ಆಂಟಿ, "ನಿಮ್ಮೂರಲ್ಲಿ ಕೈಯಿಂದ ಮಾಡಿದ್ದು ಏನಾದರೂ ತನ್ನಿ" ಅಂದರು. ಸಾಗರದ ಪೇಟೆಯಲ್ಲಿ ಅರ್ಧ ದಿನ ಅಲೆದೆ. ನಾನು ಹೋದ ಅಂಗಡಿಗಳಲ್ಲಿ ಇದ್ದದ್ದೆಲ್ಲ ದಿಲ್ಲಿಯ ಸದರ್ ಬಜಾರಿನಲ್ಲೂ ಸಿಗುವಂಥ ಪ್ಲಾಸ್ಟಿಕ್ ಸಾಮಾನು.

"ಪೇಟೇಲಿ ಎಂತಕ್ಕೆ ಹುಡುಕ್ತೀಯ ಮಾರಾಯ? ಹಸೆ ಬರೆಯೋರ ಮನೆಗೇ ಹೋಗಬೇಕು" ಅಂದರು ಅತ್ತಿಗೆ.

ಮರುದಿನ ಹೋದೆವು. ಹಸೆ ಚಿತ್ತಾರ ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳ ಕಲೆ. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಬರೆಯುತ್ತಾರೆ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬ್ರಷ್ ಅಂದರೆ ಪುಂಡಿ ಗಿಡದ ನಾರು. ನಾವು ಹೋದ ಮನೆಯ ಅಮ್ಮ ಜಗಲಿಯಲ್ಲಿ ಕೂತು ಅಳತೆಪಟ್ಟಿ ಇಲ್ಲದೆ ಎಳೆದ ಗೆರೆ ಎಲ್ಲೂ ಅಲುಗಲಿಲ್ಲ. ಗೋಡೆಯದ್ದನ್ನೇ ಸಣ್ಣದಾಗಿ ಹಾಳೆಯ ಮೇಲೂ ಬರೆದಿಟ್ಟಿದ್ದರು. ಎಷ್ಟು ಅಂತ ಕೇಳಿದರೆ ತಲೆ ತಗ್ಗಿಸಿ, "ನಿಮಗೆ ತೋಚಿದಷ್ಟು ಕೊಡಿ" ಅಂದರು.

ಆ ಮಾತು ನನ್ನನ್ನು ಇವತ್ತಿಗೂ ಕಾಡುತ್ತಿದೆ.

ದಿಲ್ಲಿ ಹಾಟ್‌ನಲ್ಲಿ ಮಧುಬನಿ ಚಿತ್ರ ಮಾರಲು ಕೂರುವ ಬಿಹಾರದ ಮಿಥಿಲೆಯ ಹೆಂಗಸರು ಹಾಗೆ ಹೇಳುವುದಿಲ್ಲ. ಬಿದಿರು ಕಡ್ಡಿಯಲ್ಲಿ ಮೀನು, ತಾವರೆ ಬರೆಯುತ್ತಲೇ, ಇದಕ್ಕೆ ಇಷ್ಟು ದಿನ ಹಿಡಿಯಿತು, ಇದಕ್ಕೆ ಇಷ್ಟು ರೂಪಾಯಿ ಅಂತ ನೇರವಾಗಿ ಹೇಳುತ್ತಾರೆ. ಅವರ ಕಲೆಯೂ ಮದುವೆ ಮನೆಯ ಗೋಡೆಯದ್ದೇ. ಹೊಸ ಗಂಡ ಹೆಂಡತಿಯ ಕೋಣೆಯ ಗೋಡೆಗೆ ಬರೆಯುತ್ತಿದ್ದರು. 1966-67ರಲ್ಲಿ ಬಿಹಾರಕ್ಕೆ ಬರ ಬಂದಾಗ, ಹೆಂಗಸರಿಗೆ ನಾಲ್ಕು ಕಾಸು ಸಿಗಲಿ ಅಂತ ಅಖಿಲ ಭಾರತ ಕರಕುಶಲ ಮಂಡಳಿಯವರು ಕಾಗದ ಕೊಟ್ಟು ಬರೆಸಿದರು. ಗೋಡೆಯಿಂದ ಕಾಗದಕ್ಕೆ ಬಂದ ಚಿತ್ರ ಇವತ್ತು ಮನೆ ನಡೆಸುತ್ತಿದೆ. 1994ರಲ್ಲಿ ಶುರುವಾದ ದಿಲ್ಲಿ ಹಾಟ್ ಅವರಿಗೆ ಕೂರಲು ಜಾಗ ಕೊಟ್ಟಿತು. ಅಲ್ಲಿನ ಮಳಿಗೆಗಳು ಒಬ್ಬರಿಗೇ ಕಾಯಂ ಅಲ್ಲ, ಸರದಿಯ ಮೇಲೆ ಬೇರೆ ಬೇರೆ ರಾಜ್ಯದವರಿಗೆ ಸಿಗುತ್ತವೆ.

ನಮ್ಮಲ್ಲಿ ಕೈ ಇದೆ. ಕೂರಲು ಜಾಗ ಇಲ್ಲ, ಅಷ್ಟೇ.

ಜಾಗ ಇಲ್ಲದಿದ್ದರೆ ಸುಳ್ಳು ಸರಕು ಬಂದು ಕೂರುತ್ತದೆ. ದೊಡ್ಡ ಊರಿನ ಅಂಗಡಿಯೊಂದರಲ್ಲಿ ನಾನೇ ಒಮ್ಮೆ ಗಂಧದ ಆನೆ ಅಂತ ಕೊಂಡಿದ್ದೆ. ಎರಡು ತಿಂಗಳಿಗೆ ವಾಸನೆ ಹೋಯಿತು. ಯಾವುದೋ ಬಿಳಿ ಮರಕ್ಕೆ ಎಣ್ಣೆ ಸವರಿದ್ದರು. ಸಾಗರದಲ್ಲಿ ಮರ ಕೆತ್ತುವ ಗುಡಿಗಾರರೊಬ್ಬರಿಗೆ ತೋರಿಸಿದಾಗ, ಗಂಧದ ವಾಸನೆ ತಿರುಳಲ್ಲಿರುತ್ತದೆ, ಕೆರೆದಷ್ಟೂ ಬರುತ್ತದೆ ಅಂದರು. ಅವರ ಹತ್ತಿರ ಶಿವನೆ ಮರದ ಮೂರ್ತಿಯೂ ಇತ್ತು. ಅದನ್ನು ಶಿವನೆ ಅಂತಲೇ ಹೇಳಿ ಕೊಟ್ಟರು. ಮಾಡಿದವರ ಕೈಯಿಂದಲೇ ಕೊಂಡರೆ ಸಿಗುವುದು ಈ ನಿಜ. ಸಾಗರದ ಹತ್ತಿರದ ಹೆಗ್ಗೋಡಿನ ಚರಕ ಎಂಬ ಮಹಿಳಾ ಸಹಕಾರ ಸಂಘದವರು ಅಡಿಕೆ ಬೇಯಿಸಿದ ಚೊಗರಿನ ಬಣ್ಣದ ಕೈಮಗ್ಗದ ಬಟ್ಟೆಗೆ ಒಂದು ದಾರಿ ಮಾಡಿಕೊಂಡಿದ್ದಾರೆ. ಹಸೆ ಬರೆಯುವವರಿಗೆ, ಬೆಂಡಿನ ಬಾಸಿಂಗ ಕಟ್ಟುವವರಿಗೆ, ಬುಟ್ಟಿ ಹೆಣೆಯುವವರಿಗೂ ಅಂಥ ದಾರಿ ಬೇಕಲ್ವಾ?

ಮಳೆಗಾಲದಲ್ಲಿ ಜೋಗಕ್ಕೆ ಎಷ್ಟು ಜನ ಬರುತ್ತಾರೆ! ಆ ದಾರಿಯಲ್ಲಿ ಹತ್ತು ಮಳಿಗೆ ಸಾಕು. ಹದಿನೈದು ದಿನಕ್ಕೊಮ್ಮೆ ಸರದಿ. ಮಾಡಿದವರೇ ಕೂರಬೇಕು, ಬೆಲೆ ಬರೆದಿಡಬೇಕು, ಮಾಡಿದ್ದರ ಹಿಂಬದಿಯಲ್ಲಿ ಅವರ ಹೆಸರಿರಬೇಕು. ಕೊಳ್ಳುವ ನಾವೂ ಚೌಕಾಸಿ ಬಿಡಬೇಕು. ಹಾಟ್‌ನಲ್ಲಿ ನಮ್ಮ ಕನ್ನಡದವರೇ ಐವತ್ತು ರೂಪಾಯಿಗೆ ಜಗ್ಗಾಡುವುದನ್ನು ನೋಡಿ ಸಂಕಟವಾಗಿದೆ.

ಚಿತ್ತಾರ ಈಗ ಕೆಳಗಿನ ಮನೆಯ ಹಾಲ್‌ನಲ್ಲಿದೆ. ಆಂಟಿ ಬರೆದವರ ಹೆಸರು ಕೇಳಿದರು, ಚಿತ್ರದ ಹಿಂಬದಿಯಲ್ಲಿ ಬರೆದುಕೊಟ್ಟೆ. ಅವರ ತಂಗಿಗೂ ಒಂದು ಬೇಕಂತೆ. ಸಾಗರದ ಆ ಹಸೆ ಬರೆಯುವ ಅಮ್ಮನಿಗೆ ಫೋನ್ ಮಾಡಿ, "ಈ ಸಲ ಬೆಲೆ ನೀವೇ ಹೇಳಬೇಕು ಅಮ್ಮಾ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಗದ್ದೆ ಕೆಲಸ ಮುಗಿದ ಮೇಲೆ ಬರೆದುಕೊಡುತ್ತಾರಂತೆ.