ಬಾಮೈದನ ಬೀಟಾ

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಎನ್‌ಎಬಿ ಅಂತ ಒಂದು ದೊಡ್ಡ ಪ್ರದರ್ಶನ ನಡೆಯುತ್ತದೆ. ಟಿವಿ, ಕ್ಯಾಮೆರಾ, ಎಡಿಟಿಂಗ್ ಸಾಮಾನು ಮಾಡುವವರೆಲ್ಲ ಅಲ್ಲಿ ಸೇರುತ್ತಾರೆ. ಎಡಿಟಿಂಗ್ ಸಾಫ್ಟ್‌ವೇರ್‌ಗಳ ಎಷ್ಟೋ ಹೊಸ ಆವೃತ್ತಿಗಳು ಆ ಹೊತ್ತಿಗೇ ಹೊರಗೆ ಬರುತ್ತವೆ, ಹಣೆಗೆ ಬೀಟಾ ಅಂತ ಹಚ್ಚಿಕೊಂಡು. ಅದೇ ಹೊತ್ತಿಗೆ ಹಾಸನದ ಕಡೆ ಮದುವೆ ಸೀಸನ್. ಯುಗಾದಿ ಕಳೆದು ಅಕ್ಷಯ ತದಿಗೆ ಹತ್ತಿರ ಬಂತು ಅಂದರೆ ಛತ್ರ ಸಿಗಲ್ಲ, ಅಡುಗೆಯವರು ಸಿಗಲ್ಲ, ವಾಲಗದವರು ಸಿಗಲ್ಲ. ಇವೆರಡಕ್ಕೂ ಏನು ಸಂಬಂಧ ಅಂತೀರಾ? ಆ ಸಂಬಂಧವೇ ನನ್ನ ಬಾಮೈದ.

ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಅವನದೊಂದು ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಫೋಟೊದಿಂದ ಮದುವೆ ವಿಡಿಯೊವರೆಗೆ ಎಲ್ಲ ಮಾಡುತ್ತಾನೆ. ಒಳ್ಳೇ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಸಂಜೆ ಆಫೀಸು ಮುಗಿಸಿ ಹೋಗಿ ಲೆಕ್ಕಪತ್ರ ನೋಡುವವನು ನಾನು. ಬಾಕಿ ಕೇಳಲು ಫೋನ್ ಮಾಡುವವನೂ ನಾನೇ, ‘ಮೊದಲು ವಿಡಿಯೊ ಕೊಡ್ರೀ’ ಅಂತ ಬೈಸಿಕೊಳ್ಳುವವನೂ ನಾನೇ. ಇದಕ್ಕೆ ಸಂಬಳ ಇಲ್ಲ. ಅವನ ಅಕ್ಕನನ್ನು ಮದುವೆಯಾಗಿದ್ದೇನಲ್ಲ, ಅದರಲ್ಲೇ ಎಲ್ಲ ಸೇರಿದೆಯಂತೆ.

ಬೀಟಾ ಅಂದರೆ ಏನು ಅಂತ ನನಗೆ ಹೇಳಿಕೊಟ್ಟವನು ಅವನೇ. ಸಾಫ್ಟ್‌ವೇರ್ ಮಾಡುವ ಕಂಪನಿಯವರು ಕೆಲಸ ಪೂರ್ತಿ ಮುಗಿಯುವ ಮೊದಲೇ ಅದನ್ನು ಊರಿಗೆಲ್ಲ ಹಂಚುತ್ತಾರೆ. ಬಳಸಿ ನೋಡಿ, ಎಲ್ಲೆಲ್ಲಿ ಕೈಕೊಡುತ್ತೆ ಹೇಳಿ, ಸರಿ ಮಾಡುತ್ತೇವೆ ಅನ್ನುತ್ತಾರೆ. ಮುಖ್ಯವಾದ ಕೆಲಸಕ್ಕೆ ಇದನ್ನು ಬಳಸಬೇಡಿ ಅಂತಲೂ ಬರೆದಿರುತ್ತಾರೆ. ಇದರಲ್ಲಿ ಮೋಸ ಏನೂ ಇಲ್ಲ. ಬಾಮೈದನ ಕಣ್ಣಿಗೆ ಮಾತ್ರ ಆ ಸಾಲು ಬೀಳುವುದಿಲ್ಲ. ಹೊಸದು ಯಾವುದೇ ಬರಲಿ, ಇಡೀ ಜಿಲ್ಲೆಯಲ್ಲಿ ಮೊದಲು ತನ್ನ ಕಂಪ್ಯೂಟರ್‌ಗೆ ಬರಬೇಕು. ಅದು ಕೆಲಸ ಮಾಡಲೇಬೇಕು ಅಂತೇನಿಲ್ಲ, ಬಂದರೆ ಸಾಕು. ಸ್ಕ್ರೀನ್‌ಶಾಟ್ ತೆಗೆದು ಸ್ಟುಡಿಯೊದವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾನೆ. ಅರಸೀಕೆರೆಯಿಂದ ಒಂದು, ಸಕಲೇಶಪುರದಿಂದ ಎರಡು ಹೆಬ್ಬೆರಳು ಬರುತ್ತವೆ. ಅಲ್ಲಿಗೆ ಅವನ ಜನ್ಮ ಸಾರ್ಥಕ.

ನಾನು ಬೇಡ ಅಂದಾಗಲೆಲ್ಲ ಜಿಮೇಲ್ ಕಥೆ ತೆಗೆಯುತ್ತಾನೆ. ‘ಭಾವ, ಜಿಮೇಲ್ 2004ರಿಂದ 2009ರವರೆಗೆ ಬೀಟಾ ಅಂತಲೇ ಇತ್ತು. ನೀವು ಬಳಸಲಿಲ್ವಾ?’ ನಿಜ, ಆ ವರ್ಷಗಳಲ್ಲಿ ಜಿಮೇಲ್ ಹೆಸರಿನ ಪಕ್ಕ ಬೀಟಾ ಅಂತ ಬರೆದೇ ಇತ್ತು. ಆದರೆ ಜಿಮೇಲ್ ಯಾರ ತಾಳಿ ಕಟ್ಟುವ ದೃಶ್ಯವನ್ನೂ ನುಂಗಿರಲಿಲ್ಲ.

ನನ್ನ ಕೈಯಲ್ಲೂ ಒಂದು ಕಥೆ ಇದೆ. ಅದನ್ನೂ ಅವನೇ ಹೇಳಿದ್ದು, ಈಗ ಮರೆತವನ ಹಾಗೆ ಇರುತ್ತಾನೆ. 2011ರ ಜೂನ್‌ನಲ್ಲಿ ಆ್ಯಪಲ್ ಕಂಪನಿ ಫೈನಲ್ ಕಟ್ ಪ್ರೊ ಎಕ್ಸ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಬಿಡುಗಡೆ ಮಾಡಿತು. ಅದು ಬೀಟಾ ಅಲ್ಲ, 299.99 ಡಾಲರ್ ಬೆಲೆ ಕಟ್ಟಿದ ಪೂರ್ತಿ ಸಾಮಾನು. ಆದರೆ ಹಿಂದಿನ ಆವೃತ್ತಿಯಲ್ಲಿ ಮಾಡಿದ ಪ್ರಾಜೆಕ್ಟ್ ಅದರಲ್ಲಿ ತೆರೆಯುತ್ತಿರಲಿಲ್ಲ. ನಾಲ್ಕಾರು ಕ್ಯಾಮೆರಾಗಳ ದೃಶ್ಯ ಒಟ್ಟಿಗೆ ಇಟ್ಟುಕೊಂಡು ಕತ್ತರಿಸುವ ಮಲ್ಟಿಕ್ಯಾಮ್ ಸೌಲಭ್ಯವೇ ಮಾಯ. ಅದು ವಾಪಸ್ ಬಂದಿದ್ದು 2012ರ ಜನವರಿಯಲ್ಲಿ. ಹಾಲಿವುಡ್‌ನ ಎಡಿಟರ್‌ಗಳೇ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಬಿಡುಗಡೆಯಾದ ಸಾಫ್ಟ್‌ವೇರ್ ಗತಿಯೇ ಹೀಗಾದರೆ, ‘ನಾನಿನ್ನೂ ಅರೆಬೆಂದಿದ್ದೇನೆ’ ಅಂತ ತಾನೇ ಹೇಳಿಕೊಳ್ಳುವ ಬೀಟಾ ಗತಿ ಏನು? ಹೀಗೆ ಕೇಳಿದರೆ ಬಾಮೈದ ‘ಅದು ಹಳೇ ಕಾಲ ಭಾವ’ ಅಂದುಬಿಡುತ್ತಾನೆ.

ಈ ಸಲ ಬಂದ ಬೀಟಾ ಯಾವ ಕಂಪನಿಯದು ಅಂತ ಹೇಳುವುದಿಲ್ಲ. ನಮಗೂ ಅವರಿಗೂ ಈಗ ಪತ್ರವ್ಯವಹಾರ ನಡೆಯುತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಅದು ಬಂದ ವಾರವೇ ನಮ್ಮಲ್ಲಿ ಒಬ್ಬ ನಿವೃತ್ತ ಹೆಡ್‌ಮೇಷ್ಟ್ರ ಮಗಳ ಮದುವೆ ವಿಡಿಯೊ ಎಡಿಟಿಂಗ್‌ಗೆ ಕೂತಿತ್ತು. ಹೊಳೆನರಸೀಪುರದ ಛತ್ರ, ಮೂರು ಕ್ಯಾಮೆರಾ, ಎಲ್ಲಾ 4ಕೆ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಚಿತ್ರೀಕರಿಸಿದರೆ ಒಂದು ಕ್ಯಾಮೆರಾ ಒಂದು ಗಂಟೆಗೆ 45 ಜಿಬಿ ತಿನ್ನುತ್ತದೆ. ವರಪೂಜೆಯಿಂದ ಬೀಗರ ಊಟದವರೆಗೆ ಎಷ್ಟಾಗಬಹುದು ನೀವೇ ಲೆಕ್ಕ ಹಾಕಿ. ಹುಡುಗ ಬೇರೆ ವಿದೇಶಕ್ಕೆ ಹೊರಡುವವನು. ಅಷ್ಟರೊಳಗೆ ಪೆನ್‌ಡ್ರೈವ್ ಕೈಗೆ ಬರಬೇಕು ಅಂತ ಮೇಷ್ಟ್ರು ಮೊದಲೇ ತಾಕೀತು ಮಾಡಿದ್ದರು.

ಬಾಮೈದ ಅರ್ಧ ಎಡಿಟಿಂಗ್ ಮುಗಿಸಿದ್ದ. ಆಗ ಬಂತು ಬೀಟಾ.

ಇಲ್ಲೊಂದು ವಿಷಯ ಹೇಳಬೇಕು. ಕೆಲವು ಸಾಫ್ಟ್‌ವೇರ್‌ಗಳ ಬೀಟಾ ಮರ್ಯಾದಸ್ಥ. ಹಳೆಯದರ ಪಕ್ಕದಲ್ಲಿ ಬೇರೆಯದೇ ಆ್ಯಪ್ ಆಗಿ ಕೂರುತ್ತದೆ, ಅದರ ಪಾಡಿಗೆ ಅದು. ಇನ್ನು ಕೆಲವು ಹಳೆಯದನ್ನು ಎಬ್ಬಿಸಿ ಅದರ ಜಾಗದಲ್ಲೇ ಕೂರುತ್ತವೆ. ಪ್ರಾಜೆಕ್ಟ್ ತೆರೆಯಲು ಹೋದರೆ ‘ಇದನ್ನು ಹೊಸ ಆವೃತ್ತಿಗೆ ಬದಲಾಯಿಸಲಾ?’ ಅಂತ ಕೇಳುತ್ತವೆ. ಆಗಲಿ ಅಂದರೆ ಮುಗಿಯಿತು. ಹೊಸದಕ್ಕೆ ಹಳೇ ಪ್ರಾಜೆಕ್ಟ್ ಓದಲು ಬರುತ್ತದೆ, ಹಳೆಯದಕ್ಕೆ ಹೊಸ ಪ್ರಾಜೆಕ್ಟ್ ಓದಲು ಬರುವುದಿಲ್ಲ. ಮೊದಲೇ ಬ್ಯಾಕಪ್ ಇಟ್ಟಿದ್ದರೆ ಬಚಾವ್. ನಮ್ಮವನ ಗೋಡೆಯ ಮೇಲೆ ‘3-2-1’ ಅಂತ ದೊಡ್ಡದಾಗಿ ಬರೆದು ಅಂಟಿಸಿದೆ. ಮೂರು ಪ್ರತಿ ಇರಬೇಕು, ಎರಡು ಬಗೆಯ ಸಾಧನದಲ್ಲಿರಬೇಕು, ಅದರಲ್ಲಿ ಒಂದು ಬೇರೆ ಕಡೆ ಇರಬೇಕು ಅಂತ ಅದರ ಅರ್ಥ. ಅಕ್ಷರ ಬಲು ಚೆನ್ನಾಗಿದೆ. ಆ ಚೀಟಿಯ ಕೆಳಗೇ ಕೂತು ‘ಆಗಲಿ’ ಒತ್ತಿದ.

ಬೀಟಾ ಮೊದಲು ಗ್ರಾಫಿಕ್ಸ್ ಕಾರ್ಡಿಗೆ ಹೊಸ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಕೇಳಿತು. ಕೊಟ್ಟ. ಹೊಸ ಡ್ರೈವರ್ ಬಂದ ತಕ್ಷಣ ಆಲ್ಬಂ ಡಿಸೈನ್ ಮಾಡುವ ಹಳೇ ಸಾಫ್ಟ್‌ವೇರ್ ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿತು. ಆಮೇಲೆ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಜೋಡಿಸಿಕೊಳ್ಳಲು ದುಡ್ಡು ಕೊಟ್ಟು ತಂದ ಪ್ಲಗಿನ್‌ಗಳು ಒಂದೊಂದಾಗಿ ಕೈ ಎತ್ತಿದವು. ವಿಡಿಯೊ ಕೆಡಬಹುದು ಅಂತ ನನಗೆ ಹೆದರಿಕೆ ಇತ್ತು. ವಿಡಿಯೊ ಸುದ್ದಿಗೆ ಹೋಗುವ ಮೊದಲೇ ಆಲ್ಬಂ ನಿಂತಿತು. ‘ಇದೆಲ್ಲ ಸಣ್ಣಪುಟ್ಟದ್ದು ಭಾವ, ಒಳಗೆ ಏನೇನಿದೆ ನೋಡಿ’ ಅಂದ.

ಒಳಗೆ ತುಂಬಾ ಇತ್ತು. ಎಲ್ಲ ಕೃತಕ ಬುದ್ಧಿಮತ್ತೆ. ಮುಖ ಗುರುತಿಸಿ ಯಾರು ಯಾವ ದೃಶ್ಯದಲ್ಲಿದ್ದಾರೆ ಅಂತ ತಾನೇ ವಿಂಗಡಿಸುತ್ತದಂತೆ. ವಿಂಗಡಿಸಿತು. ಅರಿಶಿನ ಶಾಸ್ತ್ರದ ಮದುಮಗಳು ಒಬ್ಬಳು, ಮೇಕಪ್ ಮಾಡಿಕೊಂಡ ಆರತಕ್ಷತೆಯ ಮದುಮಗಳು ಇನ್ನೊಬ್ಬಳು ಅಂತ ತೀರ್ಮಾನ ಮಾಡಿತು. ಅದರ ತಪ್ಪು ಅಂತ ಹೇಳಲಾರೆ, ನನಗೂ ಛತ್ರದಲ್ಲಿ ಅದೇ ಅನುಮಾನ ಬಂದಿತ್ತು. ಆದರೆ ಹುಡುಗನ ಇಬ್ಬರು ಸೋದರತ್ತೆಯರನ್ನು ಒಬ್ಬಳೇ ಹೆಂಗಸು ಅಂತ ಒಂದೇ ಗುಂಪಿಗೆ ಹಾಕಿತ್ತು. ಆಸ್ತಿ ವಿಚಾರಕ್ಕೆ ಮಾತು ಬಿಟ್ಟವರು ಅವರು. ಊರಿನ ಹಿರಿಯರಿಗೆ ಆಗದ ಕೆಲಸವನ್ನು ಬೀಟಾ ಮಾಡಿತ್ತು.

ನಿಜವಾದ ಅನಾಹುತ ಆಗಿದ್ದು ಸದ್ದು ಕಡಿಮೆ ಮಾಡುವ ಸೌಲಭ್ಯದಲ್ಲಿ. ಅದು ಕೆಲಸ ಮಾಡುವ ರೀತಿ ಹೀಗಿದೆ: ಮನುಷ್ಯರ ಮಾತು ಯಾವುದು ಅಂತ ಅದಕ್ಕೆ ಕಲಿಸಿರುತ್ತಾರೆ. ಮಾತನ್ನು ಉಳಿಸು, ಮಿಕ್ಕಿದ್ದನ್ನೆಲ್ಲ ಅಳಿಸು ಅಂತ ಹೇಳಿರುತ್ತಾರೆ. ಫ್ಯಾನಿನ ಸದ್ದು, ಜನರೇಟರ್ ಸದ್ದು, ರಸ್ತೆಯ ಹಾರ್ನ್ ಎಲ್ಲ ಮಾಯ. ಸಂದರ್ಶನಕ್ಕೆ ಇದು ಬಹಳ ಚೆನ್ನ. ಮದುವೆ ಮನೆಯಲ್ಲಿ ಮಿಕ್ಕಿದ್ದು ಅಂದರೆ ಯಾವುದು ಹೇಳಿ? ಡೋಲು, ನಾಗಸ್ವರ.

ಮೇಷ್ಟ್ರು, ಅವರ ಹೆಂಡತಿ, ಮಗಳು, ಅಳಿಯ ಎಲ್ಲರೂ ನೋಡಲು ಬಂದಿದ್ದ ದಿನ ನಾನೂ ಅಲ್ಲಿದ್ದೆ. ದೊಡ್ಡ ಪರದೆ, ಎಸಿ, ಎಲ್ಲರಿಗೂ ಬಾದಾಮಿ ಹಾಲು. ಮುಹೂರ್ತದ ದೃಶ್ಯ ಬಂತು. ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ಆಯಿತು. ಪುರೋಹಿತರು ಕೈ ಎತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಅಂತ ಕೂಗಿದರು. ಡೋಲಿನವನು ಮೈಯೆಲ್ಲ ಅಲುಗಿಸಿ ಬಾರಿಸುತ್ತಿದ್ದಾನೆ. ನಾಗಸ್ವರದವರ ಕೆನ್ನೆ ಉಬ್ಬಿದೆ. ಸದ್ದೇ ಇಲ್ಲ. ಮಸಣದಂಥ ಮೌನದಲ್ಲಿ ಹುಡುಗ ತಾಳಿ ಕಟ್ಟುತ್ತಿದ್ದಾನೆ. ಆಗ ಕ್ಯಾಮೆರಾ ಪಕ್ಕ ನಿಂತಿದ್ದ ಯಾರೋ ಹಿರಿಯರ ಮಾತು ಮಾತ್ರ ಆಕಾಶವಾಣಿಯಷ್ಟು ಸ್ಪಷ್ಟವಾಗಿ ಕೇಳಿತು: ‘ಎರಡನೇ ಪಂಕ್ತಿಗೇ ಕೂತುಬಿಡೋಣ ಕಣಯ್ಯ, ಆಮೇಲೆ ಹೋಳಿಗೆ ಖಾಲಿ ಆಗುತ್ತೆ.’

ಯಾರೂ ಮಾತಾಡಲಿಲ್ಲ. ಮೇಷ್ಟ್ರ ಹೆಂಡತಿ ನಿಧಾನವಾಗಿ, ‘ರೀ, ಅದು ನಿಮ್ಮ ದೊಡ್ಡಪ್ಪನ ದನಿ ಅಲ್ವಾ?’ ಅಂದರು.

ಮೇಷ್ಟ್ರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಜೇಬಿನಿಂದ ಸಣ್ಣ ನೋಟ್ ಪುಸ್ತಕ ತೆಗೆದು, ‘ಮೊದಲಿಂದ ಹಾಕಪ್ಪ’ ಅಂದರು. ಪೂರ್ತಿ ನೋಡಿದರು. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು, ಏನು ತಪ್ಪು, ಏನಿರಬೇಕಿತ್ತು ಅಂತ ಗೆರೆ ಎಳೆದು ಬರೆದುಕೊಂಡರು. ಕೊನೆಗೆ ‘ಈ ಸಾಫ್ಟ್‌ವೇರ್ ಜೊತೆ ಏನಾದರೂ ಓದೋಕೆ ಕೊಟ್ಟಿದ್ರಾ?’ ಅಂತ ಕೇಳಿದರು. ಬಾಮೈದ ತಡವರಿಸಿ, ರಿಲೀಸ್ ನೋಟ್ಸ್ ಅಂತ ಒಂದಿರುತ್ತೆ ಸಾರ್ ಅಂದ. ‘ಪ್ರಿಂಟ್ ತೆಗಿ.’

ಆ ಹಾಳೆಗಳನ್ನು ಇಡೀ ಪ್ರಪಂಚದಲ್ಲಿ ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿದವರು ಬಹುಶಃ ಮೇಷ್ಟ್ರು ಒಬ್ಬರೇ. ಕೆಂಪು ಪೆನ್ನಿನಲ್ಲಿ ಎರಡು ಸಾಲಿಗೆ ಗೆರೆ ಹಾಕಿ ಮುಂದೆ ಹಿಡಿದರು. ಗೊತ್ತಿರುವ ತೊಂದರೆಗಳು ಎಂಬ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು, ಈ ಸೌಲಭ್ಯ ಸಂಗೀತವನ್ನೂ ಅಳಿಸಬಹುದು ಅಂತ. ‘ಪ್ರಶ್ನೆಪತ್ರಿಕೆ ಓದದೆ ಉತ್ತರ ಬರೆಯೋ ಹುಡುಗರನ್ನ ಮೂವತ್ತು ವರ್ಷ ನೋಡಿದ್ದೀನಿ ಕಣಪ್ಪ. ನೀನು ಅವರಿಗೆಲ್ಲ ಅಣ್ಣ.’

ಕ್ಯಾಮೆರಾದಿಂದ ಬಂದ ಮೂಲ ಫೈಲ್‌ಗಳು ಭದ್ರವಾಗಿದ್ದವು, ಅದೊಂದು ಪುಣ್ಯ. ಬಾಮೈದ ಹಳೇ ಆವೃತ್ತಿಯನ್ನು ಮತ್ತೆ ಹಾಕಿ, ಮೂರು ಕ್ಯಾಮೆರಾ ಹೊಂದಿಸಿ, ಮೊದಲಿನಿಂದ ಕತ್ತರಿಸಲು ಕೂತ. ನನ್ನ ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಅಕ್ಕಿರೊಟ್ಟಿ ಕಳಿಸಿದಳು. ‘ಪಾಪ, ನಿದ್ದೆಗೆಟ್ಟು ಕಷ್ಟಪಡ್ತಿದಾನೆ’ ಅಂತ ನನ್ನನ್ನೇ ದುರುಗುಟ್ಟಿ ನೋಡಿದಳು, ಬೀಟಾ ಬರೆದವನು ನಾನೇ ಅನ್ನುವ ಹಾಗೆ. ಪೆನ್‌ಡ್ರೈವ್ ಹುಡುಗನ ಸೂಟ್‌ಕೇಸ್ ಸೇರಿದ್ದು ಅವರು ವಿಮಾನ ನಿಲ್ದಾಣಕ್ಕೆ ಹೊರಟ ಕಾರಿನ ಕಿಟಕಿಯಿಂದ. ಗಟ್ಟಿಮೇಳ ಇತ್ತು. ದೊಡ್ಡಪ್ಪನ ಹೋಳಿಗೆ ಅದರಡಿ ಮುಚ್ಚಿಹೋಗಿತ್ತು.

ಈಗ ಪತ್ರವ್ಯವಹಾರದ ವಿಷಯ. ಬೀಟಾ ಬಳಸಿದವರು ದೂರು ಕಳಿಸಲು ಒಂದು ಫಾರಂ ಇರುತ್ತದೆ. ಬಾಮೈದ ಇಂಗ್ಲಿಷ್ ಸರಿಯಾಗಿರಲಿ ಅಂತ ಅದನ್ನು ನನ್ನ ಕೈಗೆ ಕೊಟ್ಟ. ಮೊದಲ ಪ್ರಶ್ನೆ: ಏನಾಗುತ್ತದೆ ಅಂತ ನಿರೀಕ್ಷಿಸಿದ್ದಿರಿ? ‘ತಾಳಿ ಕಟ್ಟುವಾಗ ವಾಲಗ ಕೇಳುತ್ತದೆ ಅಂತ.’ ಏನಾಯಿತು? ‘ದೊಡ್ಡಪ್ಪ ಕೇಳಿಸಿದರು.’ ಮೂರನೆಯದಕ್ಕೆ ಮಾತ್ರ ಇಬ್ಬರೂ ಬಹಳ ಹೊತ್ತು ಯೋಚಿಸಿದೆವು: ಈ ತೊಂದರೆ ಮತ್ತೊಮ್ಮೆ ಬರುವಂತೆ ಮಾಡಲು ಏನೇನು ಮಾಡಬೇಕು, ಒಂದೊಂದೇ ಹಂತವಾಗಿ ಬರೆಯಿರಿ. ಒಂದನೇ ಹಂತ, ಜಾತಕ ಕೂಡಬೇಕು. ಎರಡನೆಯದು, ಛತ್ರ ಸಿಗಬೇಕು. ಮೂರನೆಯದು, ಹೋಳಿಗೆ ಕಡಿಮೆ ಮಾಡಿಸಿರಬೇಕು.

ಕೊನೆಗೆ ಮೇಷ್ಟ್ರ ನೋಟ್ ಪುಸ್ತಕವನ್ನೇ ಇಂಗ್ಲಿಷ್‌ಗೆ ತಿರುಗಿಸಿ ಕಳಿಸಿದೆವು. ನಿಮಿಷ, ಸೆಕೆಂಡು, ಆದದ್ದು, ಆಗಬೇಕಾದದ್ದು ಎಲ್ಲ ಅದರಲ್ಲಿತ್ತಲ್ಲ. ಆ ಕಡೆಯಿಂದ ಧನ್ಯವಾದ ಬಂತು. ಇಷ್ಟು ಚೆನ್ನಾಗಿ ಬರೆದ ದೂರು ಅಪರೂಪ, ನಿಮ್ಮ ಪರೀಕ್ಷಕರು ಮುಂದಿನ ಬೀಟಾಗೂ ಸಹಾಯ ಮಾಡುವರೇ ಅಂತ ಕೇಳಿದ್ದರು. ಮೇಷ್ಟ್ರಿಗೆ ಹೇಳಿದೆವು. ‘ಮೌಲ್ಯಮಾಪನಕ್ಕೆ ಭತ್ಯೆ ಎಷ್ಟು ಕೊಡ್ತಾರೆ ಕೇಳು’ ಅಂದರು. ಪ್ರಶ್ನೆ ನ್ಯಾಯವಾದದ್ದೇ. ಕಂಪನಿಗಳ ಪರೀಕ್ಷೆಯ ಖರ್ಚಿನ ಒಂದು ಪಾಲು ನಮ್ಮಂಥ ಸ್ಟುಡಿಯೊಗಳ ನಿದ್ದೆಯಿಂದ ಹೋಗುತ್ತದೆ. ಉತ್ತರ ಇನ್ನೂ ಬಂದಿಲ್ಲ.

ಇಷ್ಟೆಲ್ಲ ಆದ ಮೇಲೂ ಬೀಟಾದಿಂದ ಒಂದು ಪೈಸೆ ಲಾಭ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಡ್ಡ ವಿಡಿಯೊವನ್ನು ಮೊಬೈಲ್ ರೀಲ್ಸ್‌ಗೆ ಬೇಕಾದ ಹಾಗೆ ಉದ್ದಕ್ಕೆ ಕತ್ತರಿಸುವ ಸೌಲಭ್ಯ ಒಂದಿತ್ತು. ಚೌಕಟ್ಟಿನಲ್ಲಿ ಮುಖ್ಯ ವ್ಯಕ್ತಿ ಯಾರು ಅಂತ ತಾನೇ ಗುರುತಿಸಿ ಅವರನ್ನೇ ಹಿಂಬಾಲಿಸಬೇಕು. ಹುಡುಗ ಹುಡುಗಿ ಊಟಕ್ಕೆ ಕೂತು ಒಬ್ಬರಿಗೊಬ್ಬರು ತಿನ್ನಿಸುವ ದೃಶ್ಯಕ್ಕೆ ಬಾಮೈದ ಅದನ್ನು ಹಚ್ಚಿದ್ದ. ಕೂತ ಜೋಡಿಗಿಂತ ಓಡಾಡುವ ಮನುಷ್ಯ ಅದಕ್ಕೆ ಮುಖ್ಯ ಅನ್ನಿಸಿರಬೇಕು. ಸಾಂಬಾರ್ ಬಕೆಟ್ ಹಿಡಿದವನ ಹಿಂದೆ ಬಿತ್ತು. ಅವನು ಬಗ್ಗಿದರೆ ಬಗ್ಗಿತು, ತಿರುಗಿದರೆ ತಿರುಗಿತು. ಹಿನ್ನೆಲೆಗೆ ಪ್ರೇಮಗೀತೆಯ ಸಂಗೀತ ಬೇರೆ. ಆ ಗಲಾಟೆಯಲ್ಲಿ ಅದು ಹಾಗೇ ಸ್ಟುಡಿಯೊ ಪುಟಕ್ಕೆ ಹೋಗಿಬಿಟ್ಟಿತ್ತು. ನಾವು ಹಾಕಿದ ಯಾವ ಮದುಮಕ್ಕಳ ರೀಲ್ಸನ್ನೂ ಜನ ಅಷ್ಟು ನೋಡಿರಲಿಲ್ಲ.

ಮಾರನೇ ವಾರ ಅಡುಗೆ ಕಾಂಟ್ರ್ಯಾಕ್ಟರ್ ಬಂದರು. ಬಂದವರೇ ಮೇಜಿನ ಮೇಲೆ ಅಡ್ವಾನ್ಸ್ ಇಟ್ಟರು. ಈ ಸ್ಟುಡಿಯೊದಲ್ಲಿ ಕೇಳದೆ ಅಡ್ವಾನ್ಸ್ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ‘ನಮ್ಮ ಹುಡುಗನ್ನ ಎಷ್ಟು ಚೆನ್ನಾಗಿ ತೋರಿಸಿದ್ದೀರಿ! ಈ ಸೀಸನ್ ಪೂರ್ತಿ ಇಂಥದ್ದೇ ಮಾಡಿಕೊಡಿ. ಪಾಯಸಕ್ಕೊಂದು, ಹೋಳಿಗೆಗೊಂದು.’

ಬಾಮೈದ ಆ ಕಂಪ್ಯೂಟರ್‌ನಲ್ಲಿ ಹಳೇ ಆವೃತ್ತಿ ಹಾಕಿದ್ದ. ಕೂಡಲೇ ಹೊಸ ಬೀಟಾ ಇಳಿಸಿ ನೋಡಿದ. ಅಷ್ಟರಲ್ಲಿ ಕಂಪನಿಯವರು ಆ ದೋಷ ಸರಿಪಡಿಸಿದ್ದರು. ಈಗ ಅದು ಎಲ್ಲಿ ಹಚ್ಚಿದರೂ ಮದುಮಕ್ಕಳನ್ನು ಬಿಟ್ಟು ಅಲ್ಲಾಡುವುದಿಲ್ಲ. ಹಿಂದಿನ ಬೀಟಾ ಎಲ್ಲೂ ಸಿಗುತ್ತಿಲ್ಲ. ಕಾಂಟ್ರ್ಯಾಕ್ಟರ್ ದಿನಾ ಫೋನ್ ಮಾಡುತ್ತಾರೆ. ಆ ಫೋನ್ ಎತ್ತುವವನೂ ನಾನೇ.